ಕಾರಿಗೆ 148 ಚದರ ಅಡಿ, ಮನುಷ್ಯನಿಗೆ 50

ಒಂದು ಕಾರು ನಿಲ್ಲಲು ಎಷ್ಟು ಜಾಗ ಬೇಕು? ಬೆಂಗಳೂರಿನ ಕಟ್ಟಡ ಉಪವಿಧಿ ಬಲು ಅಕ್ಕರೆಯಿಂದ ಲೆಕ್ಕ ಹಾಕಿದೆ. ಅಗಲ ಎರಡೂವರೆ ಮೀಟರ್, ಉದ್ದ ಐದೂವರೆ ಮೀಟರ್. ಅಂದರೆ ಸುಮಾರು 148 ಚದರ ಅಡಿ. ಪಾಪ, ಅದಕ್ಕೂ ಉಸಿರು ಕಟ್ಟಬಾರದಲ್ಲ.

ಸೂರಿಲ್ಲದ ಮನುಷ್ಯನಿಗೆ ಎಷ್ಟು ಬೇಕು? ಕೇಂದ್ರದ ನಗರ ಜೀವನೋಪಾಯ ಅಭಿಯಾನ ಅದನ್ನೂ ಹೇಳಿದೆ. ತಲೆಗೆ 50 ಚದರ ಅಡಿ. ಅದೂ ಒಂದು ಹಾಲ್‌ನಲ್ಲಿ, ಇನ್ನೂ 49 ಜನರ ಗೊರಕೆ ಕೇಳುತ್ತ. ಒಂದು ಕಾರಿನ ಜಾಗಕ್ಕೆ ಮೂರು ಮನುಷ್ಯರು. ಇದು ನಮ್ಮ ವಿನಿಮಯ ದರ.

ಈಗ ಇನ್ನೊಂದು ಪುಸ್ತಕ ತೆಗೆಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆ. ಒಂದೇ ಕೋಣೆಯ ಮನೆಯಾದರೆ ಆ ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು. ಬಚ್ಚಲು, ಕಕ್ಕಸು ಒಟ್ಟಿಗಿದ್ದರೆ 2.8. ಕೂಡಿಸಿ: 12.3 ಚದರ ಮೀಟರ್. ಕಾರಿಗೆ ಕೊಟ್ಟಿದ್ದು 13.75. ಗೋಡೆಯ ದಪ್ಪ ಬೇರೆ, ಒಪ್ಪಿದೆ. ಆದರೂ ಒಂದು ಕಾರಿನ ಜಾಗದಲ್ಲಿ ಕೋಣೆ, ಬಚ್ಚಲು, ಕಕ್ಕಸು ಮೂರೂ ಕೂತು, ಒಲೆ ಇಡುವ ಕಟ್ಟೆಗೂ ಚೂರು ಜಾಗ ಉಳಿಯುತ್ತದೆ. ಇದಕ್ಕೆ ಸಮಿತಿ ಬೇಡ, ಸಲಹೆಗಾರ ಬೇಡ. ಏಳನೇ ಕ್ಲಾಸಿನ ಹುಡುಗ ಸಾಕು.

ಆದರೆ ಜಾಗ ಇಲ್ಲವಂತೆ.

ಹೆಬ್ಬಾಳದಲ್ಲಿ ನಿಂತು ಈ ಮಾತು ಕೇಳಬೇಕು. 2025ರ ಆಗಸ್ಟ್‌ನಲ್ಲಿ ಮೇಲ್ಸೇತುವೆಗೆ ಹೊಸ ಲೂಪ್ ಸೇರಿತು. ರಿಬ್ಬನ್ ಕತ್ತರಿಸಿದರು. ಇನ್ನು ಅಲ್ಲಿಂದ ಸಿಲ್ಕ್ ಬೋರ್ಡ್‌ಗೆ ಸುರಂಗವಂತೆ. ಹದಿನೇಳು ಕಿಲೋಮೀಟರ್‌ಗೆ ಹತ್ತಿರ, ಹದಿನೇಳು ಸಾವಿರ ಕೋಟಿಗೂ ಹೆಚ್ಚು. ಕಾರಿಗೆ ಆಕಾಶದಲ್ಲೂ ದಾರಿ, ಪಾತಾಳದಲ್ಲೂ ದಾರಿ. ನಡುವೆ ಉಳಿದ ನೆಲದಲ್ಲಿ ಹತ್ತಡಿ ಕೇಳಿದರೆ ಕಡತ ಕೆಮ್ಮುತ್ತದೆ.

ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರ್ ಶೋ ಎಂದು ವಿಮಾನ ಹಾರಿಸುತ್ತಾರೆ. ಆಗ ರಸ್ತೆಗೆ ಹೊಸ ಟಾರು, ಗೋಡೆಗೆ ಬಣ್ಣ, ಕಂಬಕ್ಕೆ ಹೂಕುಂಡ. 2025ರಲ್ಲಿ ಹದ್ದುಗಳು ಸುಳಿಯಬಾರದೆಂದು ಸುತ್ತ 13 ಕಿಲೋಮೀಟರ್ ಮಾಂಸದಂಗಡಿ ಬಂದ್ ಮಾಡಿಸಿದರು. ಹದ್ದಿನ ಊಟದ ಮೇಲೂ ನಿಗಾ ಇಡಬಲ್ಲ ಆಡಳಿತ ಇದು. ಯಶವಂತಪುರದ ಆರ್‌ಎಂಸಿ ಯಾರ್ಡ್‌ನಲ್ಲಿ ಹಗಲೆಲ್ಲ ಈರುಳ್ಳಿ ಮೂಟೆ ಹೊತ್ತು, ರಾತ್ರಿ ಅದೇ ಅಂಗಡಿಯ ಜಗಲಿಯಲ್ಲಿ ಬಿದ್ದುಕೊಳ್ಳುವ ಹಮಾಲಿ ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ.

ಬಿದ್ದಿದ್ದೂ ಉಂಟು. 2011ರ ಫೆಬ್ರುವರಿ 28ರ ರಾತ್ರಿ. ಜನಗಣತಿಯವರು ಸೂರಿಲ್ಲದವರನ್ನು ಹುಡುಕಿಕೊಂಡು ಹೊರಟರು. ಫುಟ್‌ಪಾತ್, ಮೇಲ್ಸೇತುವೆ ಅಡಿ, ಮೆಟ್ಟಿಲ ಕೆಳಗೆ, ಹ್ಯೂಮ್ ಪೈಪಿನೊಳಗೆ. ಹೌದು, ಹ್ಯೂಮ್ ಪೈಪು ಎಂದು ಸರ್ಕಾರವೇ ವ್ಯಾಖ್ಯೆಯಲ್ಲಿ ಬರೆದುಕೊಂಡಿದೆ. ಅಂದರೆ ಎಲ್ಲಿ ಮಲಗಿದ್ದಾರೆಂದು ಚೆನ್ನಾಗಿ ಗೊತ್ತು. ದೇಶದಲ್ಲಿ 17.73 ಲಕ್ಷ ಜನ ಸಿಕ್ಕರು. ಎಣಿಸಿದರು, ಬರೆದುಕೊಂಡರು, ಹೋದರು. ಮುಂದಿನ ಎಣಿಕೆ 2027ಕ್ಕೆ. ಅಲ್ಲಿಯವರೆಗೆ ದಯವಿಟ್ಟು ಪೈಪು ಬದಲಿಸಬೇಡಿ.

ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ. 2011ರಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಆಗಿನ ಲೆಕ್ಕಕ್ಕೇ 84 ಬೇಕಿತ್ತು. ಊರು ಕೋಟಿ ದಾಟಿತು, ಒಂದು ಪಾಲಿಕೆ ಐದಾಯಿತು. ಲೆಕ್ಕ ಇನ್ನೂ ಮುಟ್ಟಿಲ್ಲ.

ಇದ್ದ ಕೇಂದ್ರಕ್ಕೂ ಜನ ಹೋಗುವುದಿಲ್ಲ ಎಂದು ಅಧಿಕಾರಿಗಳು ನೊಂದುಕೊಳ್ಳುತ್ತಾರೆ. ಹೋಗುವುದು ಹೇಗೆ ಸ್ವಾಮಿ? ಗಂಡ ಒಂದು ಕಡೆ, ಹೆಂಡತಿ ಮಗು ಇನ್ನೊಂದು ಕಡೆ. ಸಾಮಾನು ತಲೆದಿಂಬಿನ ಕೆಳಗೆ, ಜೀವ ಸಾಮಾನಿನ ಮೇಲೆ. ಹಮಾಲಿಯ ಲಾರಿ ಕೆಲವೊಮ್ಮೆ ಬರುವುದೇ ನಡುರಾತ್ರಿಯಲ್ಲಿ, ಗೇಟಿನವನಿಗೆ ಹತ್ತು ಗಂಟೆಗೆ ನಿದ್ದೆ. ನೀವು ಹೋಗಿ ಒಂದು ವಾರ ಮಲಗಿ ಬನ್ನಿ, ಆಮೇಲೆ ಮಾತಾಡೋಣ.

ಆ ಮನುಷ್ಯನಿಗೆ ಬೇಕಾದ ವಿನ್ಯಾಸ ಇಷ್ಟೇ. ಒಳಗಿನಿಂದ ಹಾಕಿಕೊಳ್ಳಲು ಚಿಲಕ. ಹೊರಗಿನಿಂದ ಹಾಕಲು ಬೀಗ. ಎದುರುಬದುರು ಎರಡು ಕಿಟಕಿ. ಅಂಗಿ ನೇತುಹಾಕಲು ಗೂಟ, ಟ್ರಂಕ್ ಇಡಲು ಅಟ್ಟ. ನಮ್ಮ ವಿನ್ಯಾಸ ಸ್ಪರ್ಧೆಗಳಲ್ಲಿ ಮಡಚುವ ಮಂಚ ಬರುತ್ತದೆ, ಹಡಗಿನ ಕಂಟೇನರ್ ಬರುತ್ತದೆ, ಚಿತ್ರದಲ್ಲಿ ಒಂದು ಮರ, ನಗುವ ಒಂದು ಮಗು. ಚಿಲಕ ಯಾರೂ ಬರೆಯುವುದಿಲ್ಲ.

ಒಂಟಿ ಕೋಣೆ ಈ ಊರಿಗೆ ಹೊಸದೂ ಅಲ್ಲ. ಮಲ್ಲೇಶ್ವರ, ಚಾಮರಾಜಪೇಟೆಯ ವಠಾರಗಳೇನಾಗಿದ್ದವು? ಸಾಲಾಗಿ ಕೋಣೆ, ನಡುವೆ ನಲ್ಲಿ, ಹಿತ್ತಲಲ್ಲಿ ಕಕ್ಕಸು, ಮುಂದೆ ಮಾಲೀಕರ ಮನೆ. ಅಲ್ಲಿ ಚಿಮಣಿ ದೀಪದಲ್ಲಿ ಓದಿ ಎಂಜಿನಿಯರ್ ಆದ ಎಷ್ಟು ಮಂದಿ ಇಂದು ನಿವೃತ್ತರಾಗಿ ಬಡಾವಣೆ ಸಂಘದ ಪದಾಧಿಕಾರಿಗಳಾಗಿದ್ದಾರೋ! ಪಕ್ಕದ ರಸ್ತೆಯಲ್ಲಿ ನಿರಾಶ್ರಿತರ ಕೇಂದ್ರ ಎಂದ ಕೂಡಲೇ ಲೆಟರ್‌ಹೆಡ್ ಹೊರಬರುತ್ತದೆ. ‘ನಮಗೆ ವಿರೋಧವಿಲ್ಲ, ಆದರೆ ಇಲ್ಲಿ ಬೇಡ.’ ನಾಗವಾರದ ಟೆಕ್ ಪಾರ್ಕಿನ ಹುಡುಗರಿಗಾಗಿ ಅದೇ ಅಳತೆಯ ಗೂಡುಗಳನ್ನು ಐದಂತಸ್ತು ಏರಿಸಿ ಪಿಜಿ ಮಾಡಿ ತಿಂಗಳ ಬಾಡಿಗೆ ಎಣಿಸುವವರೂ ಸಹಿ ಹಾಕಿರುತ್ತಾರೆ. ಬಾಡಿಗೆ ಬಂದರೆ ಸಣ್ಣ ಕೋಣೆ ಅನುಕೂಲ. ಬರದಿದ್ದರೆ ಅನಾರೋಗ್ಯ.

ಇನ್ನು ಕಟ್ಟಡ ಕಾರ್ಮಿಕರು. ರಾಯಚೂರು, ಯಾದಗಿರಿಯಿಂದ ಬಂದು ಯಲಹಂಕದ ಅಪಾರ್ಟ್‌ಮೆಂಟ್ ಎಬ್ಬಿಸುವವರಿಗೆ ಕೆಲಸದ ಜಾಗದಲ್ಲೋ ಹತ್ತಿರದಲ್ಲೋ ಉಚಿತ ವಸತಿ, ಅಡುಗೆಗೆ ಬೇರೆ ಜಾಗ, ಬಚ್ಚಲು, ಕಕ್ಕಸು ಕೊಡಬೇಕೆಂದು 1996ರ ಕಾಯ್ದೆಯ 34ನೇ ಕಲಮು 2025ರವರೆಗೆ ಹೇಳುತ್ತಿತ್ತು. ಅವರ ನೀಲಿ ಟಾರ್ಪಾಲಿಗೆ ಕಲಮು ಓದಲು ಬರುತ್ತಿರಲಿಲ್ಲ. ಬಿಲ್ಡರ್‌ಗೆ ಬರುತ್ತಿತ್ತು, ಓದುತ್ತಿರಲಿಲ್ಲ.

2025ರ ಡಿಸೆಂಬರ್ 20ರಂದು ಯಲಹಂಕದ ಕೋಗಿಲು ಬಡಾವಣೆಯಲ್ಲಿ, ಫಕೀರ್ ಕಾಲೊನಿ ಮತ್ತು ವಸೀಂ ಲೇಔಟ್‌ಗೆ ನಸುಕಿನಲ್ಲೇ ಜೆಸಿಬಿ ಬಂತು. ಕಸ ವಿಲೇವಾರಿಗೆಂದು ಇಟ್ಟ ಜಾಗವಂತೆ. ಆಯಿತು, ಒತ್ತುವರಿಯೇ ಇರಲಿ. ಡಿಸೆಂಬರ್ ಚಳಿಯಲ್ಲಿ ಮೊದಲು ಮನೆ ಕೆಡವಿದರು. ಕೇರಳದ ಮುಖ್ಯಮಂತ್ರಿ ಅಲ್ಲಿಂದ ಟೀಕಿಸಿದ ಮೇಲೆ ಇಲ್ಲಿ ಮನಸ್ಸು ಕರಗಿತು. ಬೈಯಪ್ಪನಹಳ್ಳಿಯಲ್ಲಿ ಫ್ಲಾಟ್ ಕೊಡುತ್ತೇವೆ ಎಂದರು. ಯಾರಿಗೆ? ಅರ್ಹರಿಗೆ. ಅರ್ಹರೆಂದರೆ ದಾಖಲೆ ಇದ್ದವರು. ದಾಖಲೆ ಎಲ್ಲಿ? ಜೆಸಿಬಿಯ ಅಡಿಯಲ್ಲಿ ಹುಡುಕಿಕೊಳ್ಳಿ. ಫ್ಲಾಟ್ ಇತ್ತೆಂದ ಮೇಲೆ ಅದನ್ನು 19ನೇ ತಾರೀಕು ಕೊಡಲು ಯಾವ ಮುಹೂರ್ತ ಅಡ್ಡ ಬಂದಿತ್ತು?

ಫಿನ್ಲೆಂಡ್ 2008ರಿಂದ ಉಲ್ಟಾ ದಾರಿ ಹಿಡಿದಿದೆ. ಮೊದಲು ಮನೆ, ಬುದ್ಧಿಮಾತು ಆಮೇಲೆ. ಸಾಲುಮಂಚದ ಹಾಲ್‌ಗಳನ್ನು ಬೀಗವಿರುವ ಕೋಣೆಗಳಾಗಿ ಮಾಡಿತು. ಇದನ್ನು ಬರೆಯಲೂ ಭಯ. ನಾಳೆಯೇ ಒಂದು ತಂಡ ಹೆಲ್ಸಿಂಕಿಗೆ ಅಧ್ಯಯನ ಪ್ರವಾಸ ಹೊರಟೀತು.

ದುಡ್ಡಿಲ್ಲ ಎಂಬ ಮಾತು ಮಾತ್ರ ಬೇಡ. ಏಪ್ರಿಲ್ ಬಂತೆಂದರೆ ಐದು ಪರ್ಸೆಂಟ್ ರಿಯಾಯಿತಿಗೆ ಆಸ್ತಿ ತೆರಿಗೆ ಕಟ್ಟಲು ಮುಗಿಬೀಳುತ್ತೇವಲ್ಲ, ಅದರ ಜೊತೆಗಿನ ಉಪಕರಗಳಲ್ಲಿ ತೆರಿಗೆಯ ಶೇ 3ರಷ್ಟು ಭಿಕ್ಷುಕರ ಹೆಸರಿನದು. ದಶಕಗಳಿಂದ ಕಟ್ಟುತ್ತಿದ್ದೇವೆ. ಹಣ ದಾಟಿಸದೆ ಪಾಲಿಕೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡದ್ದು ಹಳೆಯ ಸುದ್ದಿ. ಅದೇ ಹಣದಲ್ಲಿ ನಡೆಯುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಈ ಸಲ ತೆರಿಗೆ ಕಟ್ಟಿದ ಮೇಲೆ ರಸೀದಿ ಹಿಡಿದು ನಿಮ್ಮ ಪಾಲಿಕೆ ಕಚೇರಿಗೆ ಹೋಗಿ. ನನ್ನ ಶೇ 3ಕ್ಕೆ ಎಷ್ಟು ಕೋಣೆ ಕಟ್ಟಿದಿರಿ ಎಂದು ಕೇಳಿ. ಬರವಣಿಗೆಯಲ್ಲಿ ಕೇಳಿ. ಸ್ವೀಕೃತಿ ಇಸಿದುಕೊಳ್ಳದೆ ಬರಬೇಡಿ.