ಕೋಷ್ಟಕರಾಯರ ಪೋರ್ಚುಗೀಸ್

ಲಿಸ್ಬನ್ನಿನ ಯಾವ ಸಂಜೆ ತರಗತಿಗೆ ಹೋದರೂ ಕೋಷ್ಟಕರಾಯರು ಮೊದಲ ಸಾಲಿನಲ್ಲೇ ಸಿಗುತ್ತಾರೆ. ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು. ಮುಂದೆ ಪೋರ್ಚುಗಲ್‌ನ ಪೌರತ್ವ ಬೇಕೆಂದರೆ ಎ2 ಮಟ್ಟದ ಭಾಷೆ ಬರಲೇಬೇಕು. ಭಾಷೆ ಕಲಿಯುವುದೆಂದರೆ ರಾಯರ ಲೆಕ್ಕದಲ್ಲಿ ಎಕ್ಸೆಲ್ ತೆರೆಯುವುದು.

‘ಇದು’, ‘ಅದು’ ಎರಡರಲ್ಲೇ ಅರ್ಧ ಆಯುಷ್ಯ ಕಳೆದವರಿಗೆ ಇಲ್ಲಿ ಮೂರು ಎದುರಾದವು. ಹೇಳುವವನ ಹತ್ತಿರದ್ದು ‘ಎಶ್ತೆ’, ಕೇಳುವವನ ಹತ್ತಿರದ್ದು ‘ಎಸ್ಸೆ’, ಇಬ್ಬರಿಗೂ ದೂರದ್ದು ‘ಅಕೆಲೆ’. ಇವುಗಳ ಹಿಂದೆ ‘ದೆ’ (ನ, ಇಂದ) ಬಂದರೆ ಬಿಡಿಯಾಗಿ ನಿಲ್ಲದೆ ‘ದೆಶ್ತೆ, ದೆಸ್ಸೆ, ದಕೆಲೆ’ ಎಂದು ಅಂಟಿಕೊಳ್ಳುತ್ತದೆ. ‘ಎಂ’ (ಅಲ್ಲಿ) ಬಂದರೆ ‘ನೆಶ್ತೆ, ನೆಸ್ಸೆ, ನಕೆಲೆ’. ಅದರ ಮೇಲೆ ಗಂಡು, ಹೆಣ್ಣು, ಏಕವಚನ, ಬಹುವಚನ. ಹೆಸರು ಗೊತ್ತಿಲ್ಲದ ವಸ್ತುವಿಗೆ ಬೇರೆಯೇ ಮೂರು: ‘ಇಶ್ತು, ಇಸ್ಸು, ಅಕಿಲು’. ‘ಆ’ (ಗೆ) ಎಂಬ ಇನ್ನೊಂದು ಪದ ಮಾತ್ರ ‘ಅಕೆಲೆ’ ಮನೆತನದ ಜೊತೆಗಷ್ಟೇ ಸಂಬಂಧ ಬೆಳೆಸುತ್ತದೆ. ಹೀಗೆ ಅಂಟಿಕೊಂಡ ರೂಪಗಳನ್ನೆಲ್ಲ ಕೂಡಿಸಿ ರಾಯರ ಪಟ್ಟಿಯಲ್ಲಿ 35 ಮನೆಗಳಾದವು. ಗಂಡಿಗೆ ನೀಲಿ, ಹೆಣ್ಣಿಗೆ ಹಳದಿ.

ಪಟ್ಟಿ ಅಚ್ಚುಕಟ್ಟು. ತೊಂದರೆ ಶುರುವಾಗುವುದು ಬೇಕರಿಯಲ್ಲಿ.

ಗಾಜಿನ ಹಿಂದೆ ಪಾಶ್ತೆಲ್ ದೆ ನಾತ ಎಂಬ ಸಿಹಿ ತಿನಿಸುಗಳ ತಟ್ಟೆ. ರಾಯರಿಗೆ ಅವುಗಳಲ್ಲಿ ಎರಡು ಬೇಕು. ‘ದೆಶ್ತೆಶ್’ ಅನ್ನೋಣವೆಂದರೆ ತಟ್ಟೆ ಗಾಜಿನ ಆಚೆಗಿದೆ. ‘ದೆಸ್ಸೆಶ್’ ಅನ್ನೋಣವೆಂದರೆ ಅಂಗಡಿಯಾಕೆ ಕಾಫಿ ಯಂತ್ರದ ಕಡೆ ಸರಿದಿದ್ದಾಳೆ. ಹಾಗಾದರೆ ಇಬ್ಬರಿಗೂ ದೂರವಾದ ‘ದಕೆಲೆಶ್’ ಆಯಿತೇ? ರಾಯರು ಕಣ್ಣಲ್ಲೇ ಅಂತರ ಅಳೆಯುವಷ್ಟರಲ್ಲಿ ಹಿಂದಿನಿಂದ ಅಜ್ಜಿಯೊಬ್ಬಳು ಗಾಜಿಗೆ ಬೆರಳು ಕುಟ್ಟಿ “ದೋಯಿಶ್ ದೆಶ್ತೆಶ್!” ಅನ್ನುತ್ತಾಳೆ. ಎರಡು ಅವಳ ಚೀಲಕ್ಕೆ ಬೀಳುತ್ತವೆ.

ಕೊನೆಗೂ ರಾಯರ ಕೈಗೆ ಒಂದು ಬಂತೆನ್ನಿ. ಚೆನ್ನಾಗಿದೆಯಾ ಎಂದು ಯಾರಾದರೂ ಕೇಳಿದರೆ ಮತ್ತೆ ಫಜೀತಿ. ಪೋರ್ಚುಗೀಸಿನಲ್ಲಿ ಏನನ್ನು ಇಷ್ಟಪಟ್ಟರೂ ‘ಗೋಶ್ತು’ ಎಂಬ ಕ್ರಿಯಾಪದದ ಜೊತೆ ‘ದೆ’ ಬರಲೇಬೇಕು. “ಗೋಶ್ತು... ದೆ... ಇಶ್ತು” ಎಂದು ನಿಲ್ಲಿಸಿ, ಪಟ್ಟಿ ನೆನೆದು, “ದಿಶ್ತು!” ಎಂದು ತಿದ್ದಿಕೊಳ್ಳುವ ಹೊತ್ತಿಗೆ ಕೇಳಿದವರು ಟ್ರಾಮ್ ಹತ್ತಿರುತ್ತಾರೆ.

ಅದೇ ತರಗತಿಯ ಕೊನೆಯ ಸಾಲಿನಲ್ಲಿ, ಮಾರ್ಟಿಂ ಮೋನಿಜ್ ಚೌಕದ ಬಳಿಯ ಹೋಟೆಲಿನಲ್ಲಿ ದುಡಿಯುವ ನೇಪಾಳಿ ಹುಡುಗ ತೂಕಡಿಸುತ್ತಿರುತ್ತಾನೆ. ಅವನ ಹತ್ತಿರ ಪಟ್ಟಿಯಿಲ್ಲ, ಪುಸ್ತಕವೂ ಇಲ್ಲ. ಗಿರಾಕಿ ಬಂದರೆ ‘ನೆಶ್ತ’ ಮೇಜಿನಲ್ಲಿ ಕೂರಿ, ‘ನಕೆಲ’ದಲ್ಲಿ ಬೇಡ ಎಂದು ಸರಾಗವಾಗಿ ಹೇಳುತ್ತಾನೆ. ಮೇಜು ಸ್ತ್ರೀಲಿಂಗವೆಂದು ಯಾರು ಹೇಳಿಕೊಟ್ಟರು ಎಂದು ರಾಯರು ವಿಚಾರಿಸಿದರೆ, ಹುಡುಗ ರಾಯರ ಆರೋಗ್ಯ ವಿಚಾರಿಸುತ್ತಾನೆ.

ಬ್ರೆಜಿಲ್‌ನ ಸಹೋದ್ಯೋಗಿಯಂತೂ ರಾಯರ ರಕ್ತದೊತ್ತಡಕ್ಕೆ ನೇರ ಕಾರಣ. ಬ್ರೆಜಿಲ್‌ನ ಆಡುಮಾತಿನಲ್ಲಿ ಎಶ್ತೆ ಇರಬೇಕಾದ ಕಡೆ ಹೆಚ್ಚಾಗಿ ಎಸ್ಸೆ ಬಂದು ಕೂತಿದೆ. ತನ್ನ ಕೈಯಲ್ಲಿರುವ ಫೋನನ್ನೇ ಆತ ‘ಎಸ್ಸೆ’ ಅನ್ನುತ್ತಾನೆ. ಹಾಗಾದರೆ ಪಟ್ಟಿಯ ಸುಮಾರು ಮೂರನೇ ಒಂದು ಭಾಗ ದಂಡವೇ?

ಊರಿಂದ ಅಮ್ಮನ ಫೋನ್ ಬಂದಾಗ ಮಾತ್ರ ರಾಯರು ಬೇರೆಯೇ ಮನುಷ್ಯ. “ಅದ್ರಲ್ಲಿ ಇಲ್ವಾ? ಹಾಗಾದ್ರೆ ಇದ್ರೊಳಗೆ ನೋಡಮ್ಮ. ಅದಕ್ಕೇ ಹೇಳ್ದೆ, ಅಲ್ಲಿಂದ್ಲೇ ತಗೋ ಅಂತ.” ಸರ್ವನಾಮಕ್ಕೆ ವಿಭಕ್ತಿ ಅಂಟಿಸಿ, ನಡುವಿನ ಸ್ವರ ನುಂಗಿ, ಒಂದು ಸಾಲಿಗೆ ಮೂರು ನಾಲ್ಕು. ಈ ಕಸುಬು ತಮಗೆ ಮೊದಲೇ ಗೊತ್ತೆಂದು ಹೇಳಿದರೆ ರಾಯರು ಒಪ್ಪುವುದಿಲ್ಲ. ಕನ್ನಡಕ್ಕೆ ಅವರು ಎಕ್ಸೆಲ್ ಮಾಡಿಲ್ಲವಲ್ಲ!

ಇತ್ತೀಚೆಗೆ ಅವರ ಮುಖ ಅರಳಿದೆ, ಅಪವಾದವೊಂದು ಸಿಕ್ಕಿದೆ. ‘ಈ ಪುಸ್ತಕ ಬರುವ ಮುನ್ನ’ ಎಂಬಂಥ ವಾಕ್ಯದಲ್ಲಿ ‘ಎಶ್ತೆ’ ಮುಂದಿನ ಕ್ರಿಯೆಯ ಕರ್ತೃವಿಗೆ ಸೇರಿದ್ದರಿಂದ, ಶಿಷ್ಟ ಬರಹದಲ್ಲಿ ‘ದೆ ಎಶ್ತೆ’ ಎಂದು ಬಿಡಿಸಿಯೇ ಬರೆಯಬೇಕು. ಮಾತಿನಲ್ಲಿ ಪೋರ್ಚುಗೀಸರೇ ಇದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ರಾಯರು ಬಿಡುತ್ತಾರೆಯೇ? ಮನೆ ಮಾಲೀಕನ ಪತ್ರದಲ್ಲಿ ಹೀಗೆ ಬಿಡಿಸದೆ ಬರೆದ ತಪ್ಪು ಹುಡುಕಿ, ಕೆಂಪು ಗೆರೆ ಎಳೆದು ವಾಪಸು ಕಳಿಸಿದರು. ಪತ್ರ ಬಾಡಿಗೆ ಏರಿಸುವ ಕುರಿತಾಗಿತ್ತು. ವ್ಯಾಕರಣ ಸರಿಹೋಯಿತು, ಬಾಡಿಗೆಯೂ ಏರಿತು.

ಎ2 ಪರೀಕ್ಷೆಯಲ್ಲಿ ಓದು, ಬರಹ, ಆಲಿಸುವಿಕೆಯ ಜೊತೆಗೆ ಎದುರಿಗೆ ಕೂತು ಮಾತಾಡುವ ಭಾಗವೂ ಇದೆ. ಆ ಕೋಣೆಗೆ ಲ್ಯಾಪ್‌ಟಾಪ್ ಒಯ್ಯುವಂತಿಲ್ಲ.