ನೆರಳು ಅಳೆಯಲು ಹೇಳಿದವರಿಗೆ

ಮನೆಕಲಿಕೆ ವಾರದ ವೇಳಾಪಟ್ಟಿ ಬರೆದ ಮಹಾಶಯರೇ,

34 ಪುಟ ಹುಡುಕಿದರೂ ನಿಮ್ಮ ಹೆಸರು ಸಿಗಲಿಲ್ಲ, ಹಾಗಾಗಿ ಮಹಾಶಯರು ಅಂತಲೇ ಕರೆಯುತ್ತೇನೆ. ನಾನು ಹೊಸನಗರ ತಾಲ್ಲೂಕಿನ ಒಂದು ಮೂಲೆಯವಳು. ಮಗಳು ಏಳನೇ ಕ್ಲಾಸು, ಮಗ ಆರನೇ ಕ್ಲಾಸು. ಜುಲೈ ತಿಂಗಳು. ಮಳೆ ಹಿಡಿದದ್ದು ಬಿಟ್ಟಿಲ್ಲ. ಮಕ್ಕಳು ಶಾಲೆಗೆ ಹೋಗುವ ದಾರಿಯ ಕಾಲುಸಂಕದ ಮೇಲೆ ನೀರು ಹರಿಯುತ್ತಿದೆ. ಜಿಲ್ಲಾಧಿಕಾರಿಗಳು ರಜೆ ಕೊಟ್ಟರು, ಅವರಿಗೆ ಪುಣ್ಯ ಬರಲಿ. ರಜೆಯ ಸುದ್ದಿ ಬಂದ ಸಂಜೆಯೇ, ರಜೆ ಅನ್ನುವುದು ಮಕ್ಕಳ ಬಾಯಿಗೆ ಬೀಳಬಾರದ ವಿಷವೋ ಏನೋ ಎಂಬಂತೆ ನಿಮ್ಮ ಪಿಡಿಎಫ್ ಬಂತು. ‘ಹಿರಿಯ ಪ್ರಾಥಮಿಕ ಮಕ್ಕಳ ಮನೆಕಲಿಕೆ ಸಪ್ತಾಹ: ಸಂತಸದ ಕಲಿಕೆ’.

ಸಂತಸ ಬೆಳಿಗ್ಗೆ ಆರಕ್ಕೆ ಶುರು. ಮನೆಯ ತಾರಸಿಯ ಮೇಲೆ ಉದಯಿಸುವ ಸೂರ್ಯನ ಕಡೆ ಮುಖ ಮಾಡಿ ಸೂರ್ಯನಮಸ್ಕಾರ, ಪೋಷಕರ ಜೊತೆ. ನಮ್ಮದು ಹಂಚಿನ ಮನೆ ಸ್ವಾಮಿ. ಮಾಡಿನ ಮೇಲೆ ಹತ್ತಬಹುದು, ಸೋರುವ ಹಂಚು ಸರಿಮಾಡಲು ನಮ್ಮನೆಯವರು ಹತ್ತುತ್ತಾರೆ ಕೂಡ, ಆದರೆ ಅಲ್ಲಿ ನಮಸ್ಕಾರ ಹಾಕಿದರೆ ನೇರ ಅಡುಗೆಮನೆಗೇ ಬರುತ್ತಾರೆ. ಇನ್ನು ಸೂರ್ಯ. ಅವನ ಮುಖ ನೋಡಿ ಎಷ್ಟು ದಿನವಾಯಿತೋ ನೆನಪಿಲ್ಲ. ಒದ್ದೆ ಯೂನಿಫಾರಂ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ನೇತಾಡುತ್ತಿದೆ.

ಸೋಮವಾರದ ವಿಜ್ಞಾನಕ್ಕೆ ಬರುತ್ತೇನೆ. ಅಂಗಳದಲ್ಲಿ ಒಂದು ಕೋಲು ನೆಟ್ಟು, ಒಂಬತ್ತರಿಂದ ಮೂರರವರೆಗೆ ಗಂಟೆಗೊಮ್ಮೆ ಅದರ ನೆರಳಿನ ಉದ್ದ ಅಳೆದು ಕೋಷ್ಟಕ ತುಂಬಬೇಕು. ನನ್ನ ಮಗ ಪ್ರಾಮಾಣಿಕ. ಕೊಡೆ ಹಿಡಿದು ಹೋಗಿ ಕೋಲು ನೆಟ್ಟ. ಪ್ರತಿ ಗಂಟೆಯ ಮುಂದೆಯೂ ಸೊನ್ನೆ ಅಂತ ಬರೆದ. ಮಧ್ಯಾಹ್ನದ ಹೊತ್ತಿಗೆ ಕೋಲೂ ತೇಲಿ ಹೋಯಿತು. ಬುಧವಾರ ಏನಪ್ಪಾ ಅಂದರೆ ರಟ್ಟಿನ ಪೆಟ್ಟಿಗೆಯಲ್ಲಿ ಸೌರ ಒಲೆ. ಮತ್ತೆ ಸೂರ್ಯ! ನಿಮ್ಮ ಆಫೀಸಿನ ಕಿಟಕಿಯಾಚೆ ಬಿಸಿಲು ಇರಬೇಕು, ಸಂತೋಷ. ಅದನ್ನು ಒಂದಿಷ್ಟು ಪಾರ್ಸೆಲ್ ಮಾಡಿ ಕಳಿಸಿದರೆ ಮೊದಲ ಪಾಲು ಅಡಿಕೆಗೆ ಔಷಧಿ ಹೊಡೆಯುವುದಕ್ಕೆ, ಎರಡನೇದು ಬಟ್ಟೆ ಒಣಗಿಸುವುದಕ್ಕೆ. ಉಳಿದರೆ ನೆರಳು ಅಳೆಯೋಣ.

ಮಂಗಳವಾರದ ಕಲಾಪ ಓದಿದಾಗ ಮಾತ್ರ ನಗು ಬರಲಿಲ್ಲ. ‘ಪೋಷಕರೊಂದಿಗೆ ಹತ್ತಿರದ ಬ್ಯಾಂಕು, ಅಂಚೆ ಕಚೇರಿ, ಗ್ರಂಥಾಲಯಕ್ಕೆ ಭೇಟಿ ನೀಡಿ ವರದಿ ಬರೆಯಿರಿ.’ ಮಕ್ಕಳು ಹೊರಗೆ ಕಾಲಿಡಬಾರದು, ಹಳ್ಳ ದಾಟಬಾರದು ಅಂತಲೇ ಅಲ್ಲವೇ ರಜೆ ಕೊಟ್ಟಿದ್ದು? ಆ ಹಳ್ಳ ದಾಟಿಸಿ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕೆ? ರಜೆಯ ಆದೇಶವನ್ನೂ ನಿಮ್ಮ ಪಿಡಿಎಫನ್ನೂ ಒಬ್ಬರೇ ಒಂದೇ ಟೇಬಲ್ಲಿನ ಮೇಲೆ ಇಟ್ಟು ಓದಿದ್ದರೆ ಇದು ಆಗುತ್ತಿರಲಿಲ್ಲ.

ಎಲ್ಲ ಪುಟವನ್ನೂ ಬಣ್ಣದಲ್ಲಿ ಪ್ರಿಂಟ್ ಹಾಕಿಸಬೇಕು ಅಂತ ಸೂಚನೆ ಇತ್ತು. ಮಗನ ಹಟಕ್ಕೆ ಪೇಟೆಗೆ ಹೋದೆ. ಬಸ್ಸು ಬಂದದ್ದೇ ಪುಣ್ಯ. ಝೆರಾಕ್ಸ್ ಅಂಗಡಿಯಲ್ಲಿ ನನ್ನಂಥವರದೇ ಸಂತೆ, ಎಲ್ಲರ ಸೆರಗೂ ಒದ್ದೆ, ಎಲ್ಲರ ಕೈಯಲ್ಲೂ ಅದೇ ಪಿಡಿಎಫ್. ಒಂದು ಬಣ್ಣದ ಪುಟಕ್ಕೆ 10 ರೂಪಾಯಿ. 34 ಪುಟ, ಎರಡು ಮಕ್ಕಳು, 680 ರೂಪಾಯಿ ಆಯಿತು ಲೆಕ್ಕ. ಒಂದೇ ಸೆಟ್ ಸಾಕು ಅಂದೆ. ಕರೆಂಟಿಲ್ಲ, ಯುಪಿಎಸ್ ಮೇಲೆ ಓಡುತ್ತಿತ್ತು, 11 ಪುಟ ಬಂದ ಮೇಲೆ ಅದೂ ಕಣ್ಣು ಮುಚ್ಚಿತು. ಸಂಜೆಯವರೆಗೆ ಕಾದು, ಕೊನೇ ಬಸ್ಸಿಗೆ ಅಷ್ಟನ್ನೇ ಹಿಡಿದುಕೊಂಡು ಬಂದೆ. ಆ 11 ಪುಟದಲ್ಲಿ ಏನಿತ್ತು ಗೊತ್ತೇ? ಮುಖಪುಟ, ಸಂದೇಶ, ಇನ್ನೊಂದು ಸಂದೇಶ, ಆಶಯ, ಉದ್ದೇಶಗಳು, ನಿರೀಕ್ಷಿತ ಕಲಿಕಾ ಫಲಗಳು, ಪೋಷಕರಿಗೆ ಸೂಚನೆ, ಮತ್ತೆ ಸೂಚನೆ. ಮಕ್ಕಳಿಗೆ ಅಂತ ಒಂದು ಸಾಲೂ ಇಲ್ಲ. ಅವರ ಪಾಲು ಹನ್ನೆರಡನೇ ಪುಟದಿಂದ ಶುರು!

ಮಹಾಶಯರೇ, ನನ್ನನ್ನು ಏನೂ ತಿಳಿಯದವಳು ಅಂದುಕೊಳ್ಳಬೇಡಿ. ಡಿ.ಎಡ್. ಮುಗಿಸಿ, ಟಿಇಟಿ ಬರೆದು, ನೇಮಕಾತಿಗೆ ಕಾದು ಕಾದು ಕೊನೆಗೆ ತೋಟಕ್ಕೆ ಇಳಿದವಳು ನಾನು. ಪಾಠಯೋಜನೆ ನಾನೂ ಬರೆದಿದ್ದೇನೆ. ಮಗು ಯಾವುದು, ಹೊತ್ತು ಎಷ್ಟು, ಕೈಗೆ ಸಿಗುವ ಸಾಮಾನು ಏನು, ಈ ಮೂರನ್ನು ನೋಡಿಕೊಂಡು ಆಮೇಲೆ ಪೆನ್ನು ಹಿಡಿ ಅಂತ ನಮಗೆ ಕಲಿಸಿದ್ದರು. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ಕ್ಲಾಸಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಅನ್ನುತ್ತದೆ. ಭಾಗಿಸಿದರೆ ದಿನಕ್ಕೆ ನಾಲ್ಕೂವರೆ ಗಂಟೆ. ನಿಮ್ಮ ಸಂತಸ ಒಂಬತ್ತೂವರೆ ಗಂಟೆ ಇದೆ, ಕೂಡಿ ನೋಡಿದ್ದೇನೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಈ ವಯಸ್ಸಿನ ಮಕ್ಕಳ ಮನೆಗೆಲಸ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತಿದೆ. ಅದೇ ವರ್ಷದ ‘ಪ್ರಜ್ಞಾತಾ’ ಮಾರ್ಗಸೂಚಿ ಎಂಟನೇ ಕ್ಲಾಸಿನವರೆಗೆ ದಿನಕ್ಕೆ ಎರಡೇ ಆನ್‌ಲೈನ್ ಅವಧಿ, ಒಂದೊಂದು 30ರಿಂದ 45 ನಿಮಿಷ ಅಂದಿತ್ತು. ಅವನ್ನು ಬರೆದವರೂ ಆಫೀಸಿನವರೇ, ಆದರೆ ಅವರ ಮನೆಯಲ್ಲಿ ಮಕ್ಕಳಿದ್ದಿರಬೇಕು.

ಕೊರೊನಾ ಕಾಲದ್ದೂ ನೆನಪಿದೆ. 2020ರ ಏಪ್ರಿಲ್‌ನಲ್ಲಿ ಎನ್‌ಸಿಇಆರ್‌ಟಿ ಹಿರಿಯ ಪ್ರಾಥಮಿಕದವರಿಗೆ ಅಂತಲೇ ವಾರವಾರದ ಪರ್ಯಾಯ ಕ್ಯಾಲೆಂಡರ್ ಮಾಡಿತ್ತು. ಅಂತರ್ಜಾಲ ಇಲ್ಲದವರಿಗೆ ಮೇಷ್ಟ್ರು ಫೋನ್ ಮಾಡಿಯೋ ಮೆಸೇಜ್ ಹಾಕಿಯೋ ಹೇಳಲಿ, ಚಟುವಟಿಕೆಗಳು ಬರೀ ಸಲಹೆ, ಕಡ್ಡಾಯವಲ್ಲ ಅಂತ ಅದರಲ್ಲಿತ್ತು. ನಮ್ಮ ರಾಜ್ಯದ ‘ವಿದ್ಯಾಗಮ’ದಲ್ಲಿ ಮೇಷ್ಟ್ರೇ ಊರಿಗೆ ಬಂದು ಕಟ್ಟೆಯ ಮೇಲೆ, ಜಗಲಿಯಲ್ಲಿ ಪಾಠ ಮಾಡಿದರು. ಅದಕ್ಕೂ ಮೊದಲು ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರಲ್ಲಿ ಸಾದಾ ಫೋನು, ಯಾರಲ್ಲಿ ಏನೂ ಇಲ್ಲ ಅಂತ ಪಟ್ಟಿ ಮಾಡಿಕೊಂಡರು. ಕೇಳಿದರು ಕಣ್ರೀ! ನೀವು ಕೇಳಲೇ ಇಲ್ಲ.

ಇಷ್ಟಾದರೂ ನಾನು ಪತ್ರ ಬರೆಯುತ್ತಿರಲಿಲ್ಲ. ಬರೆಸಿದ್ದು ಫೋಟೊ.

ಪ್ರತಿ ಚಟುವಟಿಕೆಗೂ ಒಂದು ಫೋಟೊ, ರಾತ್ರಿ ಎಂಟರೊಳಗೆ ಗ್ರೂಪಿಗೆ ಹಾಕಬೇಕು. ಮಗು ನಗುತ್ತಿರಬೇಕು. ದಿನಾಂಕ, ಜಾಗ ಕಾಣಬೇಕು. ಪೋಷಕರೂ ಫೋಟೊದಲ್ಲಿದ್ದರೆ ‘ಉತ್ತಮ’. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ನಮ್ಮೂರಿನ ಟವರೂ ಹೋಗುತ್ತದೆ. ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಗೇರು ಮರದ ಹತ್ತಿರ. ರಾತ್ರಿ ಎಂಟಕ್ಕೆ, ಮಳೆಯಲ್ಲಿ, ಟಾರ್ಚ್ ಹಿಡಿದು, ಜಿಗಣೆ ಹತ್ತಿಸಿಕೊಂಡು ಊರಿನ ಅಮ್ಮಂದಿರೆಲ್ಲ ಆ ಮರದ ಕೆಳಗೆ ಕೈ ಮೇಲೆತ್ತಿ ನಿಂತಿದ್ದೆವು. ಸೂರ್ಯನಮಸ್ಕಾರ ಅಂದರೆ ಇದೇ ಇರಬೇಕು ಅಂತ ಪಕ್ಕದ ಮನೆ ಸರೋಜಕ್ಕ ಅಂದಳು.

ನೆರಳಿನ ಫೋಟೊ ಹಾಕದವರ ಹೆಸರು ಕೆಂಪು ಬಣ್ಣದಲ್ಲಿ ಬಂತು. ಆಗ ಯಾರೋ ಒಬ್ಬರು ಬೇಸಿಗೆಯ ಹಳೇ ಫೋಟೊ ಒಂದನ್ನು ಹುಡುಕಿದರು. ಅಂಗಳ, ಬಿಸಿಲು, ನೆಟ್ಟ ಗೂಟ, ಗೂಟದ ನೆರಳು, ಪಕ್ಕದಲ್ಲಿ ಒಂದು ಹುಂಜ. ಅದು ಮನೆಯಿಂದ ಮನೆಗೆ ಹೋಯಿತು. ಮಾರನೇ ದಿನ ಗ್ರೂಪಿನಲ್ಲಿ ಹತ್ತಾರು ಮಕ್ಕಳ ಹೆಸರಿನಲ್ಲಿ ಅದೇ ಅಂಗಳ, ಅದೇ ಗೂಟ, ಅದೇ ಹುಂಜ. ಎಲ್ಲರಿಗೂ ‘ಅತ್ಯುತ್ತಮ’ ಬಂತು. ನನ್ನ ಮಗನ ಸೊನ್ನೆಗಳ ಕೋಷ್ಟಕಕ್ಕೆ ‘ಪ್ರಯತ್ನಿಸಿ’. ನಿಜ ಬರೆದವನು ಪ್ರಯತ್ನಿಸಬೇಕು, ಹುಂಜ ಅತ್ಯುತ್ತಮ! ಆ ಹುಂಜ ಯಾರ ಮನೆಯದು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಈಗ ಹುಂಜ ಇಲ್ಲ.

ಕ್ಲಾಸಿನ ಟೀಚರನ್ನು ನಾನು ಬೈಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಆಕೆ ಫೋನ್ ಮಾಡಿ, ‘ಅಕ್ಕಾ, ಒಂದು ಫೋಟೊ ಹಾಕಿ ಪ್ಲೀಸ್, ಮೇಲಿನವರು ಎಷ್ಟು ಪರ್ಸೆಂಟ್ ಅಂತ ಕೇಳ್ತಾ ಇದಾರೆ’ ಅಂದಾಗ ನನಗೇ ಪಾಪ ಅನಿಸಿತು. ಆ ಪರ್ಸೆಂಟು ಎಲ್ಲಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಎಲ್ಲಿಗೆ, ಆಕೆಗೂ ಗೊತ್ತಿಲ್ಲ. ಮಗು ಏನು ಕಲಿಯಿತು ಅಂತ ಇದುವರೆಗೆ ಯಾರೂ ಕೇಳಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ. ನಡುವೆ ಒಂದು ದಿನ ಮಳೆ ಸ್ವಲ್ಪ ಹೊಳವಾಯಿತು. ಕೊಳೆರೋಗಕ್ಕೆ ಎರಡನೇ ಔಷಧಿ ಬಾಕಿ ಇತ್ತು, ನಮ್ಮನೆಯವರು ಡ್ರಮ್ಮು ಎಳೆದರು. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಉಳಿದ ಮರಗಳಿಗೆ 120 ಲೀಟರ್ ಸಾಕು, ಎಷ್ಟು ತೂಗಲಿ ಅಂತ ಮಗನನ್ನು ಕೇಳಿದರು. ಅನುಪಾತದ ಪಾಠದಲ್ಲಿ ತಲೆ ಕೆರೆದುಕೊಳ್ಳುವ ಹುಡುಗ ‘ಒಂದು ಕೆಜಿ ಇನ್ನೂರು ಗ್ರಾಂ’ ಅಂದ. ದ್ರಾವಣ ಸರಿಯಾಗಿದೆಯೋ ಅಂತ ನೋಡಲು ಅವರಪ್ಪ ಉಜ್ಜಿದ ಚೂರಿ ಅದ್ದಿ ತೆಗೆದರು. ಅಲಗು ಕೆಂಪಗಾದರೆ ತಾಮ್ರ ಕೂತಿದೆ, ಇನ್ನಷ್ಟು ಸುಣ್ಣ ಬೇಕು. ದೂರದಲ್ಲಿ ನಿಂತು ನೋಡುತ್ತಿದ್ದ ಮಗಳು, ‘ಅಮ್ಮಾ, ವಿಜ್ಞಾನದ ಪುಸ್ತಕದಲ್ಲಿ ಬ್ಲೇಡು ಹಾಕೋದು ಇದೇ ಅಲ್ಲವಾ’ ಅಂತ ಕೂಗಿದಳು. ಅದೇ. ಅಷ್ಟರಲ್ಲಿ ಮತ್ತೆ ಮಳೆ ಬಂತು, ಎಲ್ಲರೂ ಓಡಿದೆವು.

ಆಮೇಲೆ ಅವಳೇ ನೇರ ಬದಿಯ ಒಂದು ಡಬ್ಬಿಯನ್ನು ಅಂಗಳದಲ್ಲಿ ಇಟ್ಟು, ದಿನಾ ಬೆಳಿಗ್ಗೆ ಎಂಟಕ್ಕೆ ಸ್ಕೇಲು ಹಾಕಿ ಮಳೆ ಅಳೆಯತೊಡಗಿದಳು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಅಂತ ನಾನು ಹೇಳಿಕೊಟ್ಟೆ. ನಮ್ಮ ಮನೆ ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಒಂದು ದಿನ ಡಬ್ಬಿಯಲ್ಲಿ 60 ಮಿಲಿಮೀಟರ್. ಅವಳು ಗುಣಿಸಿ ಗುಣಿಸಿ ನೋಡಿದಳು, ನಂಬಲಿಲ್ಲ, ತಮ್ಮನ ಕೈಲೂ ಗುಣಾಕಾರ ಮಾಡಿಸಿದಳು. ನಮ್ಮ ಮಾಡಿನ ಮೇಲೇ 4800 ಲೀಟರ್, ಒಂದೇ ದಿನಕ್ಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ಮಾರ್ಚಲ್ಲಿ ನಮ್ಮ ಬಾವಿ ಯಾಕೆ ಬತ್ತುತ್ತೆ?’ ಅಂತ ಕೇಳಿದಳು. ಅವರಪ್ಪ ಗುಡ್ಡದ ಮರ ಕಡಿದದ್ದು ಅಂದರು, ಸರೋಜಕ್ಕ ಬೋರ್‌ವೆಲ್ಲು ಅಂದಳು, ರಾತ್ರಿ ಊಟದವರೆಗೆ ಜಗಳವಾಯಿತು. ಮಹಾಶಯರೇ, ನಿಮ್ಮ ಕೋಷ್ಟಕದಲ್ಲಿ ಈ ಪ್ರಶ್ನೆ ಬರೆಯಲು ಕಾಲಂ ಇಲ್ಲ. ಡಬ್ಬಿಯ ಫೋಟೊ ಗ್ರೂಪಿಗೆ ಹಾಕಿದೆ. ‘ಇದು ಈ ದಿನದ ಚಟುವಟಿಕೆ ಅಲ್ಲ, ಥರ್ಮೋಕೋಲ್ ಮಾದರಿಯ ಫೋಟೊ ಕಳಿಸಿ’ ಅಂತ ಉತ್ತರ ಬಂತು. ಅವತ್ತು ಶುಕ್ರವಾರ. ಶನಿವಾರದ್ದು ಏನು ಗೊತ್ತೇ? ಪ್ಲಾಸ್ಟಿಕ್ ವಿರುದ್ಧ ಜಾಗೃತಿ ಭಿತ್ತಿಪತ್ರ!

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂದಿನ ಮಳೆಗೆ ಅರ್ಧ ಪುಟ ಸಾಕು, ಕಪ್ಪು ಬಿಳುಪಾದರೂ ನಡೆಯುತ್ತದೆ. ದಿನಾ ಒಂದು ಗಂಟೆ ಪುಸ್ತಕ. ಮನೆಯಲ್ಲಿ ನಡೆಯುವ ಒಂದು ಕೆಲಸದ ಲೆಕ್ಕ. ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ಹತ್ತು ಸಾಲು ಬರಹ. ನೋಟ್‌ಬುಕ್ಕನ್ನು ಶಾಲೆ ಶುರುವಾದ ಮೇಲೆ ಟೀಚರ್ ನೋಡಲಿ. ಉಳಿದ ಹೊತ್ತು ಮಕ್ಕಳು ಹಲಸಿನ ಬೀಜ ಸುಟ್ಟು ತಿನ್ನಲಿ, ಜಗಳವಾಡಲಿ, ಮಲಗಲಿ. ಫೋಟೊ ಬೇಡ. ಫೋಟೊ ಬೇಡವೇ ಬೇಡ. ನೆರಳು, ಸೌರ ಒಲೆ, ಸೂರ್ಯನಮಸ್ಕಾರ ಎಲ್ಲವನ್ನೂ ಜನವರಿಗೆ ಇಡಿ, ಆಗ ನಮ್ಮಲ್ಲಿ ಬೇಕಾದಷ್ಟು ಬಿಸಿಲು, ನೀವೇ ಬಂದು ಅಳೆಯಬಹುದು.

ಬರೆದು ಮುಗಿಸಿ ಕವರಿಗೆ ಹಾಕುವಷ್ಟರಲ್ಲಿ ಗ್ರೂಪಿನಲ್ಲಿ ಇನ್ನೊಂದು ಸಂದೇಶ ಬಂದಿದೆ. ಮಳೆ ರಜೆಯ ಪಾಠಗಳನ್ನು ಮುಂದಿನ ಶನಿವಾರಗಳ ಮಧ್ಯಾಹ್ನ ಮತ್ತು ಭಾನುವಾರಗಳಲ್ಲಿ ತರಗತಿ ನಡೆಸಿ ಸರಿದೂಗಿಸುತ್ತಾರಂತೆ. ಅಂದರೆ ಈ ವಾರ ಕಲಿತದ್ದು ಲೆಕ್ಕಕ್ಕಿಲ್ಲವೇ? ಲೆಕ್ಕಕ್ಕಿಲ್ಲದ ಮೇಲೆ ನಾನು ಆ ಮರದ ಕೆಳಗೆ ಜಿಗಣೆಗೆ ರಕ್ತ ಕೊಟ್ಟದ್ದು ಯಾಕೆ? ಒಂದು ವಾರವನ್ನು ಮಕ್ಕಳ ಕೈಲಿ ಎರಡು ಸಲ ದುಡಿಸುವುದು ಯಾವ ನ್ಯಾಯ? 34 ಪುಟ ಬೇಕೋ, ಭಾನುವಾರ ಬೇಕೋ, ಎರಡರಲ್ಲಿ ಒಂದು ಹೇಳಿ. ಉತ್ತರ ಪಿಡಿಎಫ್‌ನಲ್ಲಿ ಬೇಡ, ಒಂದು ಕಾರ್ಡು ಹಾಕಿ, ಸಾಕು.

ಇಂತಿ,
ಕೆಂಪು ಪಟ್ಟಿಯಲ್ಲಿ ಹೆಸರಿರುವ ಇಬ್ಬರು ಮಕ್ಕಳ ತಾಯಿ