ನಿರುದ್ಯೋಗಿಯ ಸಾಲಗಾರ

ನಾನು ಮಗನ ಹತ್ತಿರ ಸಾಲ ಮಾಡಿದ್ದೆ. ಮಗನಿಗೆ ಕೆಲಸವಿರಲಿಲ್ಲ.

2023ರಲ್ಲಿ ಬಿ.ಕಾಂ. ಪಾಸಾದ. ಆರು ತಿಂಗಳು ಎಲ್ಲೂ ಕೆಲಸ ಸಿಗದೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಅರ್ಹನಾದ. ಹುಡುಗ ಒಂದೇ ಏಟಿಗೆ ಅರ್ಹನಾದದ್ದು ಅದೊಂದಕ್ಕೇ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯೋಜನೆಗೆ ಚಾಲನೆ ಕೊಟ್ಟಾಗ ಟೀವಿ ಮುಂದೆ ಚಪ್ಪಾಳೆ ತಟ್ಟಿದವನು ನಾನು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಅವನನ್ನು ಪಾಲಿಟೆಕ್ನಿಕ್ಕಿಗೆ ಸೇರಿಸದ ನನ್ನ ದೂರದೃಷ್ಟಿಯನ್ನು ಹೆಂಡತಿಗೆ ಎರಡೆರಡು ಸಲ ಹೇಳಿದೆ.

ದುಡ್ಡು ಪುಕ್ಕಟೆ ಬರುವುದಿಲ್ಲ. 'ಕೆಲಸ ಸಿಕ್ಕಿಲ್ಲ, ಓದೂ ಮುಂದುವರಿಸಿಲ್ಲ' ಎಂದು ಸ್ವಯಂಘೋಷಣೆ ಕೊಡಬೇಕು, ಆಗೆಲ್ಲ ಪ್ರತಿ ತಿಂಗಳೂ 25ರೊಳಗೆ. ಮಗರಾಯನಿಗೆ ಅದೂ ಮರೆಯುತ್ತಿತ್ತು. ಎಬ್ಬಿಸಿ, ಕಾಫಿ ಕೊಟ್ಟು, ಸೇವಾಸಿಂಧು ಪೋರ್ಟಲ್ ತೆಗೆಸಿ, ಓಟಿಪಿ ಓದಿ ಹೇಳುತ್ತಿದ್ದವನು ನಾನು. ಅವನ ನಿರುದ್ಯೋಗವನ್ನೂ ನಾನೇ ಮಾಡಿಕೊಡಬೇಕಿತ್ತು.

ಇಷ್ಟು ಮುತುವರ್ಜಿ ಯಾಕೆಂದರೆ, ನನ್ನ ಪಿಂಚಣಿ ಹೆಂಡತಿಯ ಸುಪರ್ದಿಯಲ್ಲಿದೆ. ಡಾಕ್ಟರು ಬೇಡವೆಂದ ಮಸಾಲೆದೋಸೆಗೆ ಅಲ್ಲಿ ಅನುದಾನವಿಲ್ಲ. ಮಗ ಕೊಡುತ್ತಿದ್ದ, ಬರೆದಿಟ್ಟುಕೊಂಡು. ಬಿ.ಕಾಂ. ದಂಡವಾಗಲಿಲ್ಲ.

ಹೀಗಿರುವಾಗ ಒಂದು ಸಂಜೆ ಸ್ವೀಟು ತಂದ. ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಅಪ್ರೆಂಟಿಸ್! ಸ್ಟೈಪೆಂಡಿನ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರದ್ದು, ಮಿಕ್ಕಿದ್ದು ಕಂಪನಿಯದು.

"ಹಾಗಾದ್ರೆ ಯುವನಿಧಿ?"

"ಅಪ್ರೆಂಟಿಸ್ ಆದ್ರೆ ಅದು ಬರಲ್ಲಪ್ಪ."

"ಒಂದೆರಡು ತಿಂಗಳು ಯೋಚನೆ ಮಾಡಬಹುದಿತ್ತಲ್ಲೋ" ಎಂದುಬಿಟ್ಟೆ. ಅಷ್ಟು ದಿನ 'ಎದ್ದೇಳೋ ಸೋಮಾರಿ' ಎಂದದ್ದೂ ಇದೇ ಬಾಯಿ. ಹೆಂಡತಿ ಏನೂ ಅನ್ನಲಿಲ್ಲ. ಸ್ವೀಟಿನ ಡಬ್ಬಿಯನ್ನು ಮಾತ್ರ ನನ್ನ ಮುಂದಿಂದ ಎತ್ತಿದಳು. ಮಗ ಮೊಬೈಲು ನೋಡಿ, "ಅಪ್ಪ, 1,240 ಬಾಕಿ" ಎಂದ. ದೋಸೆಯ ಸಂಗತಿ ಹೊರಬಿದ್ದದ್ದು ಹಾಗೆ.

ಸೋಮವಾರ ಅವನು ಊಟದ ಡಬ್ಬಿ ಹಿಡಿದು ಹೊರಟ. ನನ್ನ ಮುಂದೆ ಒಂದು ಮೊರ ಹುರುಳಿಕಾಯಿ ಬಂತು.

"ಮೊದಲು ನಾರು ತೆಗೆಯೋದು ಕಲೀರಿ. ಹೆಚ್ಚೋದು ಆಮೇಲೆ."

"ನಾನೂ ಅಪ್ರೆಂಟಿಸ್ಸೇನೆ? ಸ್ಟೈಪೆಂಡು?"

"ಸರ್ಕಾರದ ಕಾಲು ಭಾಗ ಇಸ್ಕೊಂಡು ಬನ್ನಿ, ಮಿಕ್ಕಿದ್ದು ನಾನು ಕೊಡ್ತೀನಿ."